ಕೋರ್ಟ್ ಅಮೀನರ ಷರಾ ಮತ್ತು ಖರ್ಚಿನ ಲೆಕ್ಕ: ಬರೆಯುವ ಕ್ರಮ, ಪಡೆಯುವ ಕ್ರಮ

ಜಾರಿಗೆ ಹೋಗಿದ್ದ ವಾರಂಟ್, ನ್ಯಾಯಾಲಯದ ಜಾರಿ ಶಾಖೆಯ ಮುಖ್ಯಸ್ಥರಾದ ನಾಜರ್ ಅವರ ಮೇಜಿಗೆ ವಾಪಸು ಬಂದಾಗ ಅದರ ಜೊತೆ ಸಾಮಾನ್ಯವಾಗಿ ಎರಡು ಬರಹಗಳಿರುತ್ತವೆ. ಒಂದು ವಾರಂಟಿನ ಹಿಂಬದಿಯ ಷರಾ, ಅಂದರೆ ಸ್ಥಳದಲ್ಲಿ ನಡೆದದ್ದನ್ನು ಜಾರಿಗೆ ಹೋದವರು ಬರೆದ ಟಿಪ್ಪಣಿ; ಇನ್ನೊಂದು ಖರ್ಚಿನ ಚೀಟಿ. ಇವೆರಡೂ ಒಂದನ್ನೊಂದು ಒಪ್ಪದೆ ಇರುವುದೇ ಖರ್ಚು ತಿರಸ್ಕೃತವಾಗಲು ಮುಖ್ಯ ಕಾರಣ. ಷರಾದಲ್ಲಿ ‘ಮನೆಗೆ ಬೀಗ ಹಾಕಿತ್ತು, ಜಾರಿಯಾಗಿಲ್ಲ’ ಎಂಬ ಒಂದೇ ಸಾಲಿದ್ದು, ಚೀಟಿಯಲ್ಲಿ ಇಬ್ಬರು ಹಮಾಲರ ಕೂಲಿಯೂ ಟೆಂಪೋ ಬಾಡಿಗೆಯೂ ಇದ್ದರೆ, ಬೀಗ ಹಾಕಿದ ಮನೆಯಿಂದ ಹಮಾಲರು ಏನನ್ನು ಹೊತ್ತರು ಎಂದು ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ. ಆ ಹಮಾಲರು ನಿಜವಾಗಿಯೂ ಬಂದು, ಅರ್ಧ ದಿನ ಕಾದು, ಕೂಲಿ ಪಡೆದು ಹೋಗಿರಬಹುದು. ಆದರೆ ಷರಾದಲ್ಲಿ ಆ ಸಂಗತಿ ಇಲ್ಲದಿದ್ದರೆ ಆ ಹಣ ಯಾರಿಗೂ ವಾಪಸು ಬರುವುದಿಲ್ಲ. ಕೇಳುವ ಪ್ರತಿ ರೂಪಾಯಿಗೂ ಷರಾದಲ್ಲಿ ಒಂದು ಸಾಲಿನ ಆಧಾರವಿರಬೇಕು ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಈ ಬರಹ ಕರ್ನಾಟಕದ ಸಿವಿಲ್ ನ್ಯಾಯಾಲಯಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಬೇಲಿಫರು, ಅಮೀನರು ಮತ್ತು ಆದೇಶ ಜಾರಿಕಾರರಿಗಾಗಿ, ಅಂದರೆ ನ್ಯಾಯಾಲಯದ ಆದೇಶವನ್ನು ಸ್ಥಳಕ್ಕೆ ಹೋಗಿ ಜಾರಿ ಮಾಡುವ ನೌಕರರಿಗಾಗಿ. ಅಷ್ಟೇ ಮಟ್ಟಿಗೆ, ದಾವೆಯಲ್ಲಿ ತಮ್ಮ ಪರವಾಗಿ ಡಿಕ್ರಿ (ತೀರ್ಪಿನ ಆದೇಶ) ಪಡೆದು, ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿ ಕಾಯುತ್ತಿರುವ ಡಿಕ್ರಿದಾರರಿಗಾಗಿ. ಆರ್ಡರ್ ಶೀಟಿನಲ್ಲಿ ಡಿಕ್ರಿದಾರರನ್ನು ಡಿ.ಎಚ್.ಆರ್. ಎಂದೂ, ಡಿಕ್ರಿಯ ಹಣ ಅಥವಾ ಸ್ವತ್ತು ಕೊಡಬೇಕಾದವರನ್ನು ಜೆ.ಡಿ.ಆರ್. ಎಂದೂ ಬರೆಯುವ ರೂಢಿ ಇರುವುದರಿಂದ ಇಲ್ಲಿಯೂ ಅದೇ ಪದಗಳನ್ನು ಬಳಸಿದ್ದೇನೆ.

ಮೊದಲು ಹಣದ ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದಲೇ. ಪ್ರೊಸೆಸ್ ಫೀ ಎಂಬುದು ಸಮನ್ಸ್, ನೋಟಿಸ್ ಅಥವಾ ವಾರಂಟ್ ಹೊರಡಿಸಲು ಕಕ್ಷಿದಾರರು ನ್ಯಾಯಾಲಯಕ್ಕೆ ಕಟ್ಟುವ ಶುಲ್ಕ. ಅದು ಸರ್ಕಾರದ್ದು, ಅದರಲ್ಲಿ ಅಮೀನರಿಗೆ ಪಾಲಿಲ್ಲ. ಎರಡನೆಯದು ಜಾರಿ ಖರ್ಚು. ಸಾಗಣೆ, ಹಮಾಲಿ, ಡಂಗುರ, ಕಾವಲು, ಮೇವು, ಪತ್ರಿಕಾ ಪ್ರಕಟಣೆ ಮುಂತಾದವುಗಳಿಗಾಗಿ ಡಿ.ಎಚ್.ಆರ್. ನ್ಯಾಯಾಲಯದಲ್ಲಿ ಮುಂಗಡವಾಗಿ ಠೇವಣಿ ಇಡುವ ಈ ಹಣವನ್ನು ಹಳಬರು ಇಂದಿಗೂ ಬತ್ತಾ ಎನ್ನುತ್ತಾರೆ. ಮೂರನೆಯದು ನೌಕರರಾಗಿ ಅಮೀನರಿಗೆ ಸಲ್ಲುವ ಪ್ರಯಾಣ ಭತ್ಯೆ ಮತ್ತು ದಿನಭತ್ಯೆ. ಇದು ಸೇವಾ ನಿಯಮಗಳಂತೆ ಖಜಾನೆಯಿಂದ ಬರಬೇಕಾದದ್ದು, ಕಕ್ಷಿದಾರರಿಂದಲ್ಲ. ಒಂದೇ ಪ್ರಯಾಣವನ್ನು ಎರಡನೆಯ ಲೆಕ್ಕದಲ್ಲಿಯೂ ಮೂರನೆಯ ಲೆಕ್ಕದಲ್ಲಿಯೂ ತೋರಿಸುವುದು, ಅಚಾತುರ್ಯದಿಂದ ಆದದ್ದಾದರೂ, ಇಲಾಖಾ ವಿಚಾರಣೆಗೆ ದಾರಿ ಮಾಡುತ್ತದೆ. ಡಿ.ಎಚ್.ಆರ್. ಠೇವಣಿಯಿಂದ ವಾಹನದ ಬಾಡಿಗೆ ಕೊಟ್ಟಿದ್ದರೆ, ಅದೇ ದಿನದ ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿ ಅದನ್ನು ಸ್ಪಷ್ಟವಾಗಿ ನಮೂದಿಸಿ ಬಸ್ ದರವನ್ನು ಬಿಟ್ಟುಬಿಡಬೇಕು.

ಎಲ್ಲ ದೇಶಗಳಲ್ಲಿಯೂ ಹೀಗೆಯೇ ಇಲ್ಲ. ಇಂಗ್ಲೆಂಡಿನಲ್ಲಿ 2014ರಲ್ಲಿ ಜಾರಿಗೆ ಬಂದ ಶುಲ್ಕ ನಿಯಮಗಳು ಜಾರಿ ಏಜೆಂಟರಿಗೆ ಹಂತವಾರು ದರವನ್ನೇ ಗೊತ್ತುಮಾಡಿದವು. ಹೈಕೋರ್ಟ್ ರಿಟ್‌ಗಳನ್ನು ಬಿಟ್ಟು ಉಳಿದ ಪ್ರಕರಣಗಳಲ್ಲಿ ಮೊದಲ ನೋಟಿಸಿನ ಹಂತಕ್ಕೆ 75 ಪೌಂಡ್, ಮನೆಬಾಗಿಲಿಗೆ ಹೋಗುವ ಹಂತಕ್ಕೆ 235 ಪೌಂಡ್, ಮಾರಾಟದ ಹಂತಕ್ಕೆ 110 ಪೌಂಡ್ ಎಂದು ನಿಗದಿಯಾಯಿತು. ಸಾಲ 1,500 ಪೌಂಡ್ ಮೀರಿದರೆ ಕೊನೆಯ ಎರಡು ಹಂತಗಳಲ್ಲಿ ಮೀರಿದ ಭಾಗದ ಮೇಲೆ ಶೇ. 7.5 ಸೇರುತ್ತಿತ್ತು. ಅಲ್ಲಿ ಶುಲ್ಕವೇ ಏಜೆಂಟರ ಸಂಪಾದನೆ. ನಮ್ಮಲ್ಲಿ ಅಮೀನರು ಸಂಬಳದ ನೌಕರರು, ಮತ್ತು ಖರ್ಚಿನ ಹಣ ಅವರ ಕೈಯಲ್ಲಿರುವ ನ್ಯಾಯಾಲಯದ ಠೇವಣಿ. ಈ ವ್ಯತ್ಯಾಸ ತಿಳಿದಿದ್ದರೆ ನಮ್ಮ ನಿಯಮಗಳು ಲೆಕ್ಕದ ಬಗ್ಗೆ ಏಕೆ ಅಷ್ಟು ಬಿಗಿಯಾಗಿವೆ ಎಂಬುದು ಅರ್ಥವಾಗುತ್ತದೆ.

ಹೊರಡುವ ಮೊದಲು ವಾರಂಟನ್ನು ಪೂರ್ತಿ ಓದಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರ 21ನೇ ಆದೇಶದ 24ನೇ ನಿಯಮದಂತೆ ಅದರಲ್ಲಿ ಎರಡು ದಿನಾಂಕಗಳಿರಬೇಕು: ಯಾವ ದಿನದೊಳಗೆ ಜಾರಿ ಮಾಡಬೇಕು, ಯಾವ ದಿನದೊಳಗೆ ನ್ಯಾಯಾಲಯಕ್ಕೆ ವಾಪಸು ಕೊಡಬೇಕು. (ಮುಂದೆ ಬರಿದೇ ‘ನಿಯಮ’ ಎಂದರೆ ಇದೇ 21ನೇ ಆದೇಶದ ನಿಯಮ, ಬರಿದೇ ‘ಕಲಂ’ ಎಂದರೆ ಇದೇ ಸಂಹಿತೆಯ ಕಲಂ.) ಜಾರಿಯ ಗಡುವು ಮುಗಿದ ಮೇಲೆ ಹೋಗಿ ಮಾಡಿದ ಖರ್ಚನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಹಾಗಾಗಿ ದಿನ ಸಾಲದೆಂದು ತೋರಿದರೆ ಗಡುವಿನ ಮೊದಲೇ ವರದಿ ಸಲ್ಲಿಸಿ ಅವಧಿ ವಿಸ್ತರಣೆ ಕೇಳಬೇಕು. ವಾರಂಟಿನ ಮೊತ್ತ, ಸ್ವತ್ತಿನ ಷೆಡ್ಯೂಲು, ಚೆಕ್ಕುಬಂದಿ ಇವು ಸರಿಯಾಗಿವೆಯೇ, ಜಾರಿ ಖರ್ಚಿಗೆ ಎಷ್ಟು ಠೇವಣಿಯಾಗಿದೆ, ಬೀಗ ಒಡೆಯಲು ಅಥವಾ ಪೊಲೀಸ್ ನೆರವು ಪಡೆಯಲು ಪ್ರತ್ಯೇಕ ಆದೇಶವಿದೆಯೇ ಎಂಬುದನ್ನು ನಾಜರ್ ಅವರ ಶಾಖೆಯಾದ ನಜಾರತ್ ಶಾಖೆಯಲ್ಲಿಯೇ ನೋಡಿಕೊಳ್ಳಬೇಕು. ಠೇವಣಿ ಸಾಲದೆ ಬರುವಂತಿದ್ದರೆ ಅಂದಾಜು ಪಟ್ಟಿ ಬರೆದು ನಾಜರ್ ಅವರ ಮೂಲಕ ನ್ಯಾಯಾಲಯದ ಮುಂದಿಡಬೇಕು. ‘ಈಗ ನೀವು ಕೊಡಿ, ಆಮೇಲೆ ಲೆಕ್ಕ ಹಾಕೋಣ’ ಎಂದು ಡಿ.ಎಚ್.ಆರ್. ಅವರಿಗೆ ಹೇಳುವುದು ಮುಂದಿನ ಎಲ್ಲ ತಕರಾರುಗಳ ಬೀಜ.

ಇನ್ನು ಷರಾ. 21ನೇ ಆದೇಶದ 25ನೇ ನಿಯಮವು ಷರಾದಲ್ಲಿ ಏನಿರಬೇಕೆಂದು ಹೇಳುತ್ತದೆ: ಜಾರಿಯಾದ ದಿನ ಮತ್ತು ಜಾರಿಯಾದ ರೀತಿ, ವಾಪಸಾತಿಯ ಗಡುವು ಮೀರಿದ್ದರೆ ವಿಳಂಬದ ಕಾರಣ, ಜಾರಿಯಾಗದಿದ್ದರೆ ಏಕೆ ಆಗಲಿಲ್ಲ ಎಂಬುದು. ಇದರಲ್ಲಿ ‘ರೀತಿ’ ಎಂಬ ಮಾತನ್ನು ವಿಸ್ತಾರವಾಗಿ ಅರ್ಥಮಾಡಿಕೊಂಡವರ ಷರಾ ಗಟ್ಟಿಯಾಗಿ ನಿಲ್ಲುತ್ತದೆ. ಚರ ಸ್ವತ್ತಿನ ಜಪ್ತಿಯ ಒಂದು ಷರಾ ಹೀಗಿರಬಹುದು:

‘ಈ ದಿನ ಬೆಳಿಗ್ಗೆ 10.20ಕ್ಕೆ ಡಿ.ಎಚ್.ಆರ್. ಗುರುತು ತೋರಿಸಿದ ಮೇರೆಗೆ ಜೆ.ಡಿ.ಆರ್. ಅವರ ವಾಸದ ಮನೆಗೆ ಹೋದೆನು. ಮುಂಬಾಗಿಲು ತೆರೆದಿತ್ತು, ಜೆ.ಡಿ.ಆರ್. ಖುದ್ದು ಹಾಜರಿದ್ದರು. ವಾರಂಟನ್ನು ಓದಿ ಹೇಳಿ ಬಾಕಿ ಹಣ ಪಾವತಿಸುವಂತೆ ಕೇಳಿದೆನು. ಪಾವತಿಸಲಿಲ್ಲ. ಕೆಳಗೆ ಸಹಿ ಮಾಡಿದ ಪಂಚರ ಸಮಕ್ಷಮ 10.45ರಿಂದ 12.30ರವರೆಗೆ, ಲಗತ್ತಿಸಿದ ಪಟ್ಟಿಯಲ್ಲಿ ಕಾಣಿಸಿದ 4 ವಸ್ತುಗಳನ್ನು ಜಪ್ತಿ ಮಾಡಿದೆನು. ಅವುಗಳನ್ನು ಹೊರತರಲು 2 ಹಮಾಲರನ್ನೂ ನ್ಯಾಯಾಲಯಕ್ಕೆ ಸಾಗಿಸಲು 1 ಗೂಡ್ಸ್ ಆಟೋವನ್ನೂ ಪಡೆದೆನು. ಮಧ್ಯಾಹ್ನ 1.40ಕ್ಕೆ ಮಾಲನ್ನು ನಾಜರ್ ಅವರಿಗೆ ಒಪ್ಪಿಸಿ ಸಹಿ ಪಡೆದಿದ್ದೇನೆ.’

ಇಲ್ಲಿ ಒಂದು ರೂಪಾಯಿಯ ಪ್ರಸ್ತಾಪವೂ ಇಲ್ಲ, ಆದರೂ ಖರ್ಚಿನ ಎಲ್ಲ ಆಧಾರವೂ ಇದೆ. ಹಮಾಲರೆಷ್ಟು, ವಾಹನ ಯಾವುದು, ಎಷ್ಟು ಹೊತ್ತು ಎಂಬುದನ್ನು ಪಂಚರ ಸಹಿಯ ಮೇಲ್ಭಾಗದಲ್ಲಿಯೇ ಬರೆದಿರುವುದರಿಂದ ಆಮೇಲೆ ಸೇರಿಸಿದ್ದೆಂದು ಯಾರೂ ಹೇಳಲಾರರು. ಷರಾವನ್ನು ಸ್ಥಳದಲ್ಲಿಯೇ ಬರೆಯುವ ಅಭ್ಯಾಸವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸಂಜೆ ಕಚೇರಿಯಲ್ಲಿ ಕುಳಿತು ನೆನಪಿನಿಂದ ಬರೆದ ಷರಾದಲ್ಲಿ ಸಮಯಗಳು ದುಂಡು ಸಂಖ್ಯೆಗಳಾಗಿಬಿಡುತ್ತವೆ, ಪಾಟೀಸವಾಲಿನಲ್ಲಿ ವಕೀಲರು ಮೊದಲು ಹಿಡಿಯುವುದು ಅದನ್ನೇ. ಇ-ಕೋರ್ಟ್ಸ್ ಯೋಜನೆಯ ಎನ್‌ಸ್ಟೆಪ್ ವ್ಯವಸ್ಥೆಯಲ್ಲಿ ಮೊಬೈಲ್ ಮೂಲಕ ಸ್ಥಳದ ಗುರುತು ಮತ್ತು ಫೋಟೊ ದಾಖಲಾಗುವ ಕಡೆಗಳಲ್ಲಿ, ಕಾಗದದ ಷರಾದ ಸಮಯವೂ ಮೊಬೈಲಿನ ಸಮಯವೂ ಹೊಂದುವಂತೆ ನೋಡಿಕೊಳ್ಳಬೇಕು.

ಜಾರಿಯಾಗದ ವಾರಂಟಿನ ಷರಾ ಇನ್ನೂ ಎಚ್ಚರ ಬೇಡುತ್ತದೆ. ಜಾರಿ ಮಾಡಲು ಸಾಧ್ಯವಾಗಲಿಲ್ಲವೆಂದು ಷರಾ ಬಂದರೆ ನ್ಯಾಯಾಲಯವು ಅಮೀನರನ್ನೇ ಕರೆದು ವಿಚಾರಿಸಬೇಕು, ಬೇಕೆನಿಸಿದರೆ ಸಾಕ್ಷಿಗಳನ್ನೂ ಕರೆಸಬಹುದು, ಫಲಿತಾಂಶವನ್ನು ದಾಖಲಿಸಬೇಕು ಎಂದು ಅದೇ 25ನೇ ನಿಯಮದ ಎರಡನೆಯ ಉಪನಿಯಮ ಹೇಳುತ್ತದೆ. ಆದ್ದರಿಂದ ‘ಸಿಗಲಿಲ್ಲ’ ಎಂಬ ಪದದ ಬದಲು, ಎಷ್ಟು ಗಂಟೆಗೆ ಹೋದಿರಿ, ಯಾರನ್ನು ಕೇಳಿದಿರಿ, ಅವರು ಏನು ಹೇಳಿದರು, ಎಷ್ಟು ಹೊತ್ತು ಕಾದಿರಿ, ಕರೆತಂದ ಕೂಲಿಯವರನ್ನು ಯಾವಾಗ ಕಳಿಸಿದಿರಿ ಎಂಬುದನ್ನು ಬರೆಯಬೇಕು. ತಡೆಯೊಡ್ಡಿದರೆ ಒಡ್ಡಿದವರ ಹೆಸರು, ಆಡಿದ ಮಾತು, ಅಲ್ಲಿದ್ದ ಜನ ಎಲ್ಲವೂ ಬರಬೇಕು, ಏಕೆಂದರೆ ಆ ತಡೆಯ ಬಗ್ಗೆ ಡಿ.ಎಚ್.ಆರ್. ಆಮೇಲೆ 97ನೇ ನಿಯಮದಡಿ ಅರ್ಜಿ ಹಾಕುವುದು ಈ ಷರಾದ ಬಲದ ಮೇಲೆಯೇ. ಬೆಂಗಳೂರಿನ ಸ್ವತ್ತಿನ ವಿವಾದದಿಂದ ಹುಟ್ಟಿದ ರಾಹುಲ್ ಎಸ್. ಶಾ ವಿರುದ್ಧ ಜಿನೇಂದ್ರ ಕುಮಾರ್ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ, ಅಮಲ್ಜಾರಿಯನ್ನು 6 ತಿಂಗಳೊಳಗೆ ಮುಗಿಸಬೇಕು, ಹೆಚ್ಚಿನ ಅವಧಿ ಬೇಕಾದರೆ ಕಾರಣ ಬರೆಯಬೇಕು, ಪೊಲೀಸ್ ನೆರವಿಲ್ಲದೆ ಜಾರಿ ಅಸಾಧ್ಯವೆಂದು ಕಂಡರೆ ನ್ಯಾಯಾಲಯ ಆ ನೆರವಿಗೆ ನಿರ್ದೇಶನ ಕೊಡಬಹುದು, ವಾರಂಟ್ ಜಾರಿ ಮಾಡುವ ಸಿಬ್ಬಂದಿಗೆ ನ್ಯಾಯಾಂಗ ಅಕಾಡೆಮಿಗಳು ಕೈಪಿಡಿ ಸಿದ್ಧಪಡಿಸಿ ತರಬೇತಿ ಕೊಡಬೇಕು ಎಂದು ಹೇಳಿತು. ನೆರವು ಬೇಕೆಂಬುದಕ್ಕೆ ನ್ಯಾಯಾಲಯದ ಎದುರಿಗಿರುವ ಸಾಕ್ಷ್ಯ ಬಹುತೇಕ ಅಮೀನರ ಷರಾ ಮಾತ್ರವೇ.

ಕಾನೂನು ಮೀರಿ ಮಾಡಿದ ಕೆಲಸಕ್ಕೆ ಖರ್ಚು ಕೇಳಲಾಗದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬಂಧನಕ್ಕಾಗಲಿ ಚರ ಸ್ವತ್ತಿನ ಜಪ್ತಿಗಾಗಲಿ ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ವಾಸದ ಮನೆಯನ್ನು ಪ್ರವೇಶಿಸುವಂತಿಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಲಕರಣೆ ಮುಂತಾದವನ್ನು 60ನೇ ಕಲಂ ಜಪ್ತಿಯಿಂದ ಹೊರಗಿಟ್ಟಿದೆ. ಅಂಥ ವಸ್ತುವನ್ನು ಹೊತ್ತು ತಂದು, ನ್ಯಾಯಾಲಯ ಹಿಂದಿರುಗಿಸಲು ಹೇಳಿದರೆ, ಎರಡೂ ಕಡೆಯ ಸಾಗಣೆಯ ಖರ್ಚು ತಂದವರ ತಲೆಯ ಮೇಲೆ ಬೀಳುತ್ತದೆ.

ಜಪ್ತಿ ಮಾಲಿನ ಪಾಲನೆಯ ಖರ್ಚಿನಷ್ಟು ಬೆಳೆಯುವ ಖರ್ಚು ಬೇರೊಂದಿಲ್ಲ. 43ನೇ ನಿಯಮದಂತೆ ಜಪ್ತಿ ಮಾಡಿದ ಅಧಿಕಾರಿ ಮಾಲನ್ನು ತನ್ನ ಅಥವಾ ತನ್ನ ಅಧೀನ ನೌಕರನ ವಶದಲ್ಲಿಟ್ಟು ಅದಕ್ಕೆ ಹೊಣೆಯಾಗಿರಬೇಕು. ಬೇಗ ಕೆಡುವ ವಸ್ತುವಾದರೆ, ಇಲ್ಲವೇ ಇಟ್ಟುಕೊಳ್ಳುವ ಖರ್ಚು ಮಾಲಿನ ಬೆಲೆಯನ್ನೇ ಮೀರುವಂತಿದ್ದರೆ, ಕೂಡಲೇ ಮಾರುವ ಅಧಿಕಾರವನ್ನು ಅದೇ ನಿಯಮ ಕೊಟ್ಟಿದೆ. ಆ ಅಧಿಕಾರವನ್ನು ಬಳಸಿದಾಗ ಕೊಳೆಯುವ ಸ್ಥಿತಿ, ಅಂದಾಜು ಬೆಲೆ, ದಿನದ ಪಾಲನಾ ಖರ್ಚು ಈ ಮೂರನ್ನೂ ಷರಾದಲ್ಲಿ ಬರೆಯಬೇಕು. ಜಾನುವಾರು, ಬೇಸಾಯದ ಸಲಕರಣೆ ಅಥವಾ ಸಾಗಿಸಲು ಅನುಕೂಲವಿಲ್ಲದ ವಸ್ತುಗಳನ್ನು, ಆಸಕ್ತರ ಕೋರಿಕೆಯ ಮೇಲೆ, ಅದೇ ಊರಿನ ಮರ್ಯಾದಸ್ಥರೊಬ್ಬರ ಸುಪರ್ದಿಗೆ ಬಿಡಲು 43-ಎ ನಿಯಮ ಅವಕಾಶ ಕೊಡುತ್ತದೆ. ನಾನು ನಜಾರತ್ ಶಾಖೆಯಲ್ಲಿದ್ದಾಗ ಎರಡು ಎಮ್ಮೆಗಳನ್ನು ಹೀಗೆ ಪಕ್ಕದ ಮನೆಯ ಹಿರಿಯರೊಬ್ಬರಿಗೆ ಒಪ್ಪಿಸಲಾಗಿತ್ತು. ಅವರು ಒಂದು ತಿಂಗಳಿಗೂ ಹೆಚ್ಚು ಕಾಲ ಮೇವು ಹಿಂಡಿ ಹಾಕಿ ಸಾಕಿದರು. ಆದರೆ ಒಪ್ಪಿಸಿದ ದಿನದ ಮುಚ್ಚಳಿಕೆಯಲ್ಲಿ ದಿನಕ್ಕೆಷ್ಟು ಎಂದು ಬರೆದಿರಲಿಲ್ಲ, ಹಾಲಿನ ಲೆಕ್ಕವೂ ಇರಲಿಲ್ಲ. ಹಾಲು ಮಾರಿ ಬಂದ ಹಣದಲ್ಲಿಯೇ ಮೇವಿನ ಖರ್ಚು ತೀರಿದೆ ಎಂದು ಜೆ.ಡಿ.ಆರ್. ವಾದಿಸಿದಾಗ ಉತ್ತರಿಸಲು ನಮ್ಮಲ್ಲಿ ಒಂದು ಕಾಗದವೂ ಇರಲಿಲ್ಲ. ಆ ಹಿರಿಯರು ಬರಿಗೈಯಲ್ಲಿ ಊರಿಗೆ ಮರಳಿದ್ದನ್ನು ನಾನು ಮರೆತಿಲ್ಲ. ಅಂದಿನಿಂದ ನಾನು ಸುಪರ್ದಿ ಪತ್ರದಲ್ಲಿ ದಿನದ ದರ, ಅದಕ್ಕೆ ಡಿ.ಎಚ್.ಆರ್. ಒಪ್ಪಿಗೆ, ಹಾಲು ಅಥವಾ ದುಡಿಮೆಯಿಂದ ಬರುವ ಆದಾಯವನ್ನು ಕಳೆಯುವ ಬಗೆ ಇವುಗಳನ್ನು ಬರೆಸಿಯೇ ಸಹಿ ಪಡೆಯುತ್ತಿದ್ದೆ. ಸುಪರ್ದಿದಾರರಿಗೆ ಒಂದು ಸಣ್ಣ ಪುಸ್ತಕ ಕೊಟ್ಟು ಪ್ರತಿದಿನದ ಖರ್ಚು ಬರೆದಿಡಲು ಹೇಳಬೇಕು; ಓದು ಬಾರದವರಾದರೆ ವಾರಕ್ಕೊಮ್ಮೆ ಅಮೀನರೇ ಹೋಗಿ ಬರೆದುಕೊಳ್ಳುವುದು ಒಳ್ಳೆಯದು.

ಸ್ಥಿರ ಸ್ವತ್ತಿನ ಸ್ವಾಧೀನದಲ್ಲಿ ಖರ್ಚಿನ ಸ್ವರೂಪ ಬೇರೆ. 35ನೇ ನಿಯಮದಡಿ ಬೀಗ ತೆಗೆಯುವ ಅಥವಾ ಬಾಗಿಲು ಒಡೆಯುವ ಮೊದಲು ಸಾಕಷ್ಟು ಎಚ್ಚರಿಕೆ ಕೊಡಬೇಕು, ಹೊರಗೆ ಕಾಣಿಸಿಕೊಳ್ಳದ ಸ್ತ್ರೀಯರಿದ್ದರೆ ಅವರು ಹೊರಹೋಗಲು ಅನುವು ಮಾಡಬೇಕು. ಇವೆರಡನ್ನೂ ಮಾಡಿದ ಸಮಯ ಷರಾದಲ್ಲಿ ಇದ್ದರೆ ಮಾತ್ರ ಬೀಗ ಒಡೆದವರ ಕೂಲಿ ಮತ್ತು ಹೊಸ ಬೀಗದ ಬೆಲೆ ಸಲ್ಲುತ್ತವೆ. ಒಳಗಿದ್ದ ಸಾಮಾನುಗಳ ಪಟ್ಟಿಯನ್ನು ಪಂಚರ ಎದುರು ಮಾಡದಿದ್ದರೆ ಹಮಾಲಿಯ ಲೆಕ್ಕಕ್ಕಿಂತ ದೊಡ್ಡದಾದ ನಷ್ಟದ ದಾವೆಯೇ ಬರಬಹುದು.

ಜಪ್ತಿ ಆದೇಶವನ್ನೂ ಹರಾಜಿನ ಘೋಷಣೆಯನ್ನೂ ಸ್ವತ್ತಿನ ಮೇಲೆ ಅಥವಾ ಅದರ ಬಳಿ ಡಂಗುರದಿಂದ, ಇಲ್ಲವೇ ಆ ಊರಿನ ಬೇರೆ ರೂಢಿಯಿಂದ ಸಾರಬೇಕು. ಡಂಗುರದವರ ಕೂಲಿ ಸಣ್ಣ ಮೊತ್ತ, ಆದರೆ ಅತಿ ಹೆಚ್ಚು ಸಂಶಯಕ್ಕೆ ಗುರಿಯಾಗುವ ಮೊತ್ತವೂ ಅದೇ. ಸಾರಿದ ಜಾಗ, ಹೊತ್ತು, ಕೇಳಿಸಿಕೊಂಡ ಇಬ್ಬರ ಸಹಿ ಇರಬೇಕು. ಸಾರಿದವರು ಹೆಬ್ಬೆಟ್ಟು ಒತ್ತಿದ್ದರೆ ಅದನ್ನು ಗುರುತಿಸಿದವರ ಸಹಿಯೂ ಬೇಕು. ಪತ್ರಿಕೆಯಲ್ಲಿ ಪ್ರಕಟಿಸಲು ನ್ಯಾಯಾಲಯ ಆದೇಶಿಸಿದ್ದರೆ ಆ ವೆಚ್ಚವು ಮಾರಾಟದ ಖರ್ಚಿನ ಭಾಗವೆಂದು 67ನೇ ನಿಯಮ ಹೇಳುತ್ತದೆ. ಬಿಲ್ಲಿನ ಜೊತೆ ಪ್ರಕಟಣೆಯ ಪುಟವನ್ನೂ ಇಡಬೇಕು. ಸ್ಥಿರ ಸ್ವತ್ತಿನ ಹರಾಜಿನಲ್ಲಿ ಕೂಗು ನಿಂತ ಕೂಡಲೇ ಖರೀದಿದಾರ ಶೇ. 25ನ್ನು ಹರಾಜು ನಡೆಸಿದ ಅಧಿಕಾರಿಗೆ ಕಟ್ಟಬೇಕು, ಉಳಿದದ್ದನ್ನು 15 ದಿನದೊಳಗೆ ನ್ಯಾಯಾಲಯಕ್ಕೆ. ಕೈಗೆ ಬಂದ ಆ ಹಣದಿಂದ ಡಂಗುರದವರಿಗೋ ವಾಹನದವರಿಗೋ ಕೊಟ್ಟು ಉಳಿದದ್ದನ್ನು ಜಮಾ ಮಾಡುವುದು ದೊಡ್ಡ ತಪ್ಪು. ಬಂದದ್ದು ಪೂರ್ತಿಯಾಗಿ ಅಂದೇ ಜಮೆಯಾಗಬೇಕು, ಖರ್ಚು ಬೇರೆ ಬಿಲ್ಲಿನಲ್ಲಿ ಬರಬೇಕು. ಖರೀದಿದಾರ ತಪ್ಪಿದ್ದರಿಂದ ಮರುಹರಾಜಾದರೆ, ಬೆಲೆಯಲ್ಲಾದ ಕೊರತೆಯನ್ನೂ ಮರುಹರಾಜಿನ ಎಲ್ಲ ಖರ್ಚನ್ನೂ ಹರಾಜು ನಡೆಸಿದ ಅಧಿಕಾರಿಯೇ ದೃಢೀಕರಿಸಿ ನ್ಯಾಯಾಲಯಕ್ಕೆ ತಿಳಿಸಬೇಕು, ಅದನ್ನು ಆ ಖರೀದಿದಾರನಿಂದಲೇ ವಸೂಲು ಮಾಡಬಹುದು ಎಂದು 71ನೇ ನಿಯಮವಿದೆ. ಹರಾಜಿನಲ್ಲಿ ಯಾವುದೇ ಕರ್ತವ್ಯವಿರುವವರು ನೇರವಾಗಿಯೋ ಪರೋಕ್ಷವಾಗಿಯೋ ಬಿಡ್ ಕೂಗುವಂತಿಲ್ಲ ಎಂಬ 73ನೇ ನಿಯಮವನ್ನು ಮನೆಯವರಿಗೂ ತಿಳಿಸಿರುವುದು ಕ್ಷೇಮ.

ಜಾರಿಗೆ ಹೋದ ಜಾಗದಲ್ಲಿಯೇ ಜೆ.ಡಿ.ಆರ್. ಹಣ ಕಟ್ಟಲು ಮುಂದಾದಾಗ ಏನು ಮಾಡಬೇಕೆಂಬುದು ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಬಂಧಿಸಲು ಹೋದಾಗ ಡಿಕ್ರಿ ಹಣವನ್ನೂ ಬಂಧನದ ಖರ್ಚನ್ನೂ ಅಧಿಕಾರಿಗೆ ಕಟ್ಟಿದರೆ ಕೂಡಲೇ ಬಿಡುಗಡೆ ಮಾಡಬೇಕೆಂದು 55ನೇ ಕಲಂ ಹೇಳುತ್ತದೆ. ಹರಾಜಿನ ಕೂಗು ಮುಗಿಯುವ ಮೊದಲು ಸಾಲವನ್ನೂ ಮಾರಾಟದ ಖರ್ಚು ಸೇರಿದ ವೆಚ್ಚಗಳನ್ನೂ ಮುಂದಿಟ್ಟರೆ ಹರಾಜು ನಿಲ್ಲಿಸಬೇಕೆಂದು 69ನೇ ನಿಯಮ ಹೇಳುತ್ತದೆ. ಜಪ್ತಿಯಿಂದಾದ ಎಲ್ಲ ಖರ್ಚೂ ಸೇರಿ ನ್ಯಾಯಾಲಯಕ್ಕೆ ಪಾವತಿಯಾದರೆ ಜಪ್ತಿ ತೆರವಾಗುತ್ತದೆಂದು 55ನೇ ನಿಯಮ ಹೇಳುತ್ತದೆ. ಈ ಮೂರರಲ್ಲಿಯೂ ಅಸಲಿನ ಜೊತೆ ಖರ್ಚು ಸೇರಿದೆ. ಆದ್ದರಿಂದ ಆ ಕ್ಷಣದವರೆಗಿನ ಖರ್ಚು ಎಷ್ಟೆಂದು ಅಮೀನರಿಗೆ ಬಾಯಲ್ಲಿ ಗೊತ್ತಿದ್ದರೆ ಸಾಲದು, ದಿನಚರಿಯಲ್ಲಿ ಕೂಡಿಸಿ ಬರೆದ ಮೊತ್ತ ಜೇಬಿನಲ್ಲಿರಬೇಕು.

ಬಿಲ್ಲು ಬರೆಯುವ ಕ್ರಮ ಸರಳ. ಮೇಲ್ಭಾಗದಲ್ಲಿ ಅಮಲ್ಜಾರಿ ಅರ್ಜಿಯ ಸಂಖ್ಯೆ, ವಾರಂಟಿನ ದಿನಾಂಕ, ಠೇವಣಿಯ ರಶೀದಿ ಸಂಖ್ಯೆ ಮತ್ತು ಮೊತ್ತ ಬರಲಿ. ಕೆಳಗೆ ಪ್ರತಿಯೊಂದು ಖರ್ಚಿಗೂ ದಿನಾಂಕ, ಏತಕ್ಕಾಗಿ, ಯಾರಿಗೆ, ಎಷ್ಟು, ವೋಚರ್ ಸಂಖ್ಯೆ ಎಷ್ಟು, ಷರಾದ ಎಷ್ಟನೆಯ ಸಾಲಿನಲ್ಲಿದೆ ಎಂದು ಬರೆಯಬೇಕು. ಕೊನೆಯ ಕಾಲಂ ಯಾವ ನಮೂನೆಯಲ್ಲಿಯೂ ಕಡ್ಡಾಯವಿಲ್ಲ, ಆದರೆ ಅದನ್ನು ಬರೆಯುವವರ ಬಿಲ್ಲು ಆಕ್ಷೇಪಣೆಯಿಲ್ಲದೆ ಪಾಸಾಗುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಮೇಲಿನ ಷರಾವನ್ನೇ ತೆಗೆದುಕೊಂಡು ಉದಾಹರಣೆಗೆ ಲೆಕ್ಕ ಹಾಕುವುದಾದರೆ, ಠೇವಣಿ 4,000 ರೂಪಾಯಿ, ಹಮಾಲರಿಬ್ಬರಿಗೆ 650ರಂತೆ 1,300, ಗೂಡ್ಸ್ ಆಟೋಗೆ 1,250, ಒಟ್ಟು 2,550, ಉಳಿಕೆ 1,450. ಆ ಉಳಿಕೆಯನ್ನು ಬಿಲ್ಲಿನ ಜೊತೆಯಲ್ಲಿಯೇ ನಾಜರ್ ಅವರಿಗೆ ಕಟ್ಟಿ ನಗದು ಪುಸ್ತಕದಲ್ಲಿ ಸಹಿ ನೋಡಿಕೊಂಡು ಬರಬೇಕು. 5,000 ರೂಪಾಯಿ ಮೀರಿದ ರಶೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿಸಬೇಕು. ಒಂದೇ ದಿನ ಒಂದೇ ದಿಕ್ಕಿನ ಮೂರು ಪ್ರಕರಣಗಳಿಗೆ ಹೋಗಿದ್ದರೆ ವಾಹನದ ಬಾಡಿಗೆಯನ್ನು ಮೂರಕ್ಕೂ ಹಂಚಿ, ಹಂಚಿದ ಬಗೆಯನ್ನು ಮೂರೂ ಬಿಲ್ಲುಗಳಲ್ಲಿ ತೋರಿಸಬೇಕು.

ಡಿ.ಎಚ್.ಆರ್. ಅವರ ಕೆಲಸ ಇಲ್ಲಿಂದ ಶುರುವಾಗುತ್ತದೆ. ಠೇವಣಿಯಿಂದ ಖರ್ಚಾದ ಹಣ ತಾನಾಗಿಯೇ ಜೆ.ಡಿ.ಆರ್. ಬಾಕಿಗೆ ಸೇರುವುದಿಲ್ಲ. ಪಾಸಾದ ಬಿಲ್ಲಿನ ನಕಲು ಪಡೆದು, ವಕೀಲರ ಮೂಲಕ ಖರ್ಚಿನ ಮೆಮೊ ಸಲ್ಲಿಸಿ, ಅಮಲ್ಜಾರಿಯ ವೆಚ್ಚವೆಂದು ಸೇರಿಸಿಕೊಳ್ಳುವ ಆದೇಶ ಆರ್ಡರ್ ಶೀಟಿನಲ್ಲಿ ಬರುವಂತೆ ನೋಡಿಕೊಳ್ಳಬೇಕು. ಒಬ್ಬನೇ ಜೆ.ಡಿ.ಆರ್. ಮೇಲೆ ಹಲವು ಡಿಕ್ರಿದಾರರಿದ್ದು ಬಂದ ಹಣವನ್ನು 73ನೇ ಕಲಂನಂತೆ ಹಂಚುವಾಗ, ವಸೂಲಾತಿಯ ಖರ್ಚನ್ನು ಮೊದಲು ಕಳೆದು ಉಳಿದದ್ದನ್ನು ಹಂಚಲಾಗುತ್ತದೆ. ಮೆಮೊ ಹಾಕದವರು ತಾವು ಖರ್ಚು ಮಾಡಿ ತಂದ ಹಣವನ್ನು ಇತರರೊಡನೆ ಅವರವರ ಬಾಕಿಯ ಪ್ರಮಾಣದಲ್ಲಿ ಹಂಚಿಕೊಳ್ಳಬೇಕಾಗುತ್ತದೆ. ಸಿವಿಲ್ ಬಂಧನದಲ್ಲಿರುವ ಜೆ.ಡಿ.ಆರ್. ಅವರ ಊಟೋಪಚಾರಕ್ಕೆ ಡಿ.ಎಚ್.ಆರ್. ಕಟ್ಟಿದ ಹಣವನ್ನು 39ನೇ ನಿಯಮ ದಾವೆಯ ಖರ್ಚೆಂದೇ ಪರಿಗಣಿಸುತ್ತದೆ, ಆದರೆ ಆ ಮೊತ್ತಕ್ಕಾಗಿ ಜೆ.ಡಿ.ಆರ್. ಅವರನ್ನು ಮತ್ತೆ ಬಂಧಿಸಲು ಅಥವಾ ಬಂಧನದಲ್ಲಿ ಮುಂದುವರಿಸಲು ಬರುವುದಿಲ್ಲ.

ಅಮೀನರ ಕೈಗೆ ನೇರವಾಗಿ ಹಣ ಕೊಡುವ ರೂಢಿಯ ಬಗ್ಗೆ ಬಿಚ್ಚಿ ಹೇಳಲೇಬೇಕು. ಕಾರು ಮಾಡಿ ಕರೆದೊಯ್ದು, ಊಟ ಹಾಕಿಸಿ, ಕೊನೆಯಲ್ಲಿ ‘ಖರ್ಚಿಗೆ’ ಎಂದು ಕೊಡುವ ಕವರಿಗೆ ರಶೀದಿಯಿಲ್ಲ, ಷರಾದಲ್ಲಿ ಸಾಲಿಲ್ಲ. ಭ್ರಷ್ಟಾಚಾರ ನಿಯಂತ್ರಣ ಅಧಿನಿಯಮ 1988ರ 7ನೇ ಕಲಂನಡಿ ಅದನ್ನು ಪಡೆದವರಿಗೆ 3ರಿಂದ 7 ವರ್ಷಗಳ ಶಿಕ್ಷೆಯಾಗಬಹುದು. 2018ರ ತಿದ್ದುಪಡಿಯ ನಂತರ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಅಧಿಕಾರಿಗಳಿಗೆ ತಿಳಿಸಿದರೆ ಮಾತ್ರ ಅವರಿಗೆ ರಕ್ಷಣೆಯಿದೆ. ವಾಹನ ಬೇಕೇ ಬೇಕೆಂದಿದ್ದರೆ ಡಿ.ಎಚ್.ಆರ್. ಮೊದಲೇ ಮೆಮೊ ಹಾಕಿ ನ್ಯಾಯಾಲಯದ ಅನುಮತಿ ಪಡೆದು, ಬಾಡಿಗೆಯನ್ನು ಠೇವಣಿಯ ಮೂಲಕವೇ ಕೊಡಿಸಬೇಕು, ಮತ್ತು ಅಮೀನರು ಆ ವಾಹನದ ನೋಂದಣಿ ಸಂಖ್ಯೆಯನ್ನು ಷರಾದಲ್ಲಿ ಬರೆಯಬೇಕು.

ಬಿಲ್ಲಿನ ಮೇಲೆ ಆಕ್ಷೇಪಣೆ ಬಂದರೆ ಹೊಸ ಬಿಲ್ಲು ಬರೆಯಬಾರದು, ಹಳೆಯದರಲ್ಲಿ ಅಂಕಿ ತಿದ್ದಲೂಬಾರದು. ಪ್ರತಿ ಆಕ್ಷೇಪಣೆಗೂ ಷರಾದ ಸಾಲನ್ನು ತೋರಿಸಿ ಬೇರೆ ಹಾಳೆಯಲ್ಲಿ ವಿವರಣೆ ಬರೆದು, ದಿನಾಂಕದೊಂದಿಗೆ ಸಹಿ ಹಾಕಿ ಕೊಡಬೇಕು. ಷರಾದಲ್ಲಿ ಬರೆಯಲು ಬಿಟ್ಟುಹೋದ ಸಂಗತಿ ನಿಜಕ್ಕೂ ಇದ್ದರೆ, ಅದನ್ನು ಮೂಲ ಷರಾದ ಅಂಚಿನಲ್ಲಿ ತುರುಕದೆ, ಅದೇ ಪಂಚರಿಂದ ಸಹಿ ಪಡೆದ ಪೂರಕ ವರದಿಯಾಗಿ ವಾಪಸಾತಿಯ ಗಡುವಿನೊಳಗೆ ಸಲ್ಲಿಸಬೇಕು.